ಮೂವತ್ತೊಂದನೇ ಚೀಟಿ

ಅಪ್ಪ ಕಾಲಿನಿಂದ ಇಸ್ತ್ರಿ ಮಾಡುತ್ತಿದ್ದ.
ನಂಬದವರಿಗೆ ಇನ್ನೊಮ್ಮೆ ಹೇಳುತ್ತೇನೆ: ಕಾಲಿನಿಂದಲೇ.
ನೆಲದ ಹಲಗೆಯ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಮಣಭಾರದ ಕಬ್ಬಿಣ,
ಕಬ್ಬಿಣದ ಮೇಲೊಂದು ಮರದ ತುಂಡು, ಅದರ ಮೇಲೆ ಅವನ ಬಲಪಾದ,
ಕೈಯಲ್ಲಿ ಉದ್ದ ಹಿಡಿ, ದೋಣಿಯ ಚುಕ್ಕಾಣಿಯ ಹಾಗೆ.
ಬಾಯ್ತುಂಬ ನೀರು ತುಂಬಿ ಫುರ್ರೆಂದು ಉಗ್ಗಿದರೆ
ಕಾಲುವೆ ಕಡೆಯ ಬಿಸಿಲಲ್ಲಿ ಗಳಿಗೆಯ ಕಾಮನಬಿಲ್ಲು.

ಆಗಿನ್ನೂ ಅವನು ತೆಳ್ಳಗಿನ ಲೆಫ್ಟಿನೆಂಟ್.
ಹೆಗಲ ಮೇಲೆ ಒಂದೇ ನಕ್ಷತ್ರ. ದನಿ ಮಾತ್ರ ಜನರಲ್‌ನದು.
ಮೂವತ್ತೊಂದನೇ ಚೀಟಿ ಚುಚ್ಚಿಸಿ ಅಂಗಿ ಕೊಟ್ಟ,
ಸಂಜೆ ಒಯ್ದ, ಮೂರು ಪಿಯಾಸ್ತರ್ ಬಾಕಿ:
"ಉಸ್ತಾ ಬಯೂಮಿ, ದೇಶ ನಮ್ಮದಾಗಲಿ, ಕೊಡುತ್ತೇನೆ."
ಇಬ್ಬರೂ ನಕ್ಕರು. ಚೀಟಿ ಮೊಳೆ ಏರಿತು.

ಒಂದು ಬೆಳಗ್ಗೆ ಟ್ಯಾಂಕುಗಳು
ಅರಮನೆಯ ಗುಲಾಬಿ ತುಳಿದು ನಿಂತವು,
ದೊರೆ ನಲವತ್ತು ಪೆಟ್ಟಿಗೆಯೊಡನೆ ಹಡಗು ಹತ್ತಿದ,
ರೇಡಿಯೋದಲ್ಲಿ ಒಂದು ದನಿ.
ಅಪ್ಪ ಕಬ್ಬಿಣದ ಮೇಲಿಂದ ಕಾಲು ತೆಗೆದ:
"ಇವನು ನಮ್ಮ ಮೂವತ್ತೊಂದು!"

ಆ ದನಿ...
ಮೊದಲು ಪಕ್ಕದ ಚಾಪೆಯಲ್ಲಿ ಮಲಗಿದವನ ಪಿಸುಮಾತು,
ಆಮೇಲೆ ಮಾಳಿಗೆ ಹತ್ತುವ ಕಾಲ ಸಪ್ಪಳ,
ಕೊನೆಗೆ ಮಾಳಿಗೆಯೇ ಇಲ್ಲ, ಬರಿ ಆಕಾಶ.
ಕಾಳು ಬೇಯಿಸುವವನ ಹಂಡೆ ತಳ ಹಿಡಿಯುತ್ತಿತ್ತು,
ಕ್ಷೌರದ ಕತ್ತಿ ಅರ್ಧ ಗಡ್ಡದಲ್ಲಿ ನಿಲ್ಲುತ್ತಿತ್ತು.
ಡಮಾಸ್ಕಸ್ಸಿನಲ್ಲೂ ಏಡನ್ನಿನಲ್ಲೂ ಹೀಗೆಯೇ ಅಂತೆ.
ಬೆನ್ನು ಬಾಗಿದ ಹಮಾಲರು ಮೂಟೆ ಇಳಿಸಿ ನೆಟ್ಟಗಾದರು.
ಅದು ಸುಳ್ಳಲ್ಲ. ನಾನು ನೋಡಿದ್ದೇನೆ, ನೆಟ್ಟಗಾದರು.

ಕಾಲುವೆ ನಮ್ಮದಾದ ರಾತ್ರಿ ಅಪ್ಪ
ಇಡೀ ಓಣಿಗೆ ಪುಕ್ಕಟೆ ಇಸ್ತ್ರಿ ಮಾಡಿದ.
ಕಿರಾಣಿಯ ಸ್ತಾವ್ರೋ ಅಂಗಡಿಗೆ ಬೀಗ ಜಡಿದು
ಕೀಲಿಯನ್ನು ಅಮ್ಮನ ಕೈಲಿಟ್ಟು ಅತ್ತ.
ಮುಂದೊಂದು ವರ್ಷ ಮೇಷ್ಟ್ರು ಲುತ್ಫಿಯನ್ನು
ಒಂದು ನಗೆಚಾಟಿಕೆಗಾಗಿ ನಡುರಾತ್ರಿ ಕರೆದೊಯ್ದರು.
ಹನ್ನೆರಡನೇ ಚೀಟಿ. ಬೂದು ಪ್ಯಾಂಟು. ಯಾರೂ ಕೇಳಲಿಲ್ಲ.
ಅಪ್ಪ ಅದನ್ನು ಕಪಾಟಿನ ಹಿಂದಕ್ಕೆ ಸರಿಸಿ
ರೇಡಿಯೋ ಸದ್ದು ಏರಿಸಿದ.

ಆ ಜೂನ್‌ನಲ್ಲಿ
ನಮ್ಮ ಅಂಗಡಿಯಲ್ಲಿ ಗಂಜಿಯೇ ಸಾಲದಾಯಿತು.
ಮರಳುಗಾಡಿಗೆ ಹೊರಟ ಹುಡುಗರೆಲ್ಲ
ಗೆದ್ದು ಬಂದ ದಿನಕ್ಕೊಂದು ಗರಿಗರಿ ಅಂಗಿ ಬಿಟ್ಟುಹೋದರು.
ಸೋಮವಾರ ರೇಡಿಯೋ ಹೇಳಿತು: ಶತ್ರುವಿನ ನಲವತ್ತು ವಿಮಾನ.
ಅಪ್ಪ ಸೀಮೆಸುಣ್ಣದಲ್ಲಿ ಗೋಡೆಗೆ ಗೀಟೆಳೆದ.
ಮಧ್ಯಾಹ್ನ ಎಪ್ಪತ್ತು. ಸಂಜೆ ನೂರು ದಾಟಿ
ಗೋಡೆ ಮುಗಿದು ಬಾಗಿಲ ಮೇಲೂ ಗೀಟು.
ಬುಧವಾರ ಬರಿಗಾಲಲ್ಲಿ ಒಬ್ಬ ಬಂದ,
ನಾಲಿಗೆ ಬಾತು ಬಾಯಲ್ಲಿ ಹಿಡಿಸದಾಗಿತ್ತು.
ಅಮ್ಮ ಇನ್ಸಾಫ್ ಬಟ್ಟೆ ಅದ್ದಿ ಹನಿ ಹನಿ ಹಿಂಡಿದಳು.
ಅವನು ಗೋಡೆ ನೋಡಿದ, ಬಹಳ ಹೊತ್ತು ನೋಡಿದ.
"ನಮ್ಮವು ನೆಲದ ಮೇಲೇ ಉರಿದವು ಚಿಕ್ಕಪ್ಪ,
ಸಾಲಾಗಿ, ಇಸ್ತ್ರಿಗೆ ಇಟ್ಟ ಹಾಗೆ."

ಶುಕ್ರವಾರ ರಾತ್ರಿ ಅದೇ ದನಿ, ಮಾಳಿಗೆ ಇಳಿದ ದನಿ:
ತಪ್ಪು ನನ್ನದು. ಹೋಗುತ್ತೇನೆ.
ಇನ್ನೂ ಮುಗಿದಿರಲಿಲ್ಲ, ಓಣಿಗೆ ಓಣಿಯೇ ಕತ್ತಲಿಗೆ ನುಗ್ಗಿತು:
ಹೋಗಬೇಡ! ಹೋಗಬೇಡ!
ಆಣೆ ಮಾಡುತ್ತೇನೆ, ಯಾರೂ ಹೇಳಿಕೊಡಲಿಲ್ಲ.
ಸೋತವನನ್ನೇ ತಬ್ಬಿ ಅಳುವುದಕ್ಕೆ
ಹೇಳಿಕೊಡುವವರು ಬೇಕೇ?
ಅಪ್ಪನೂ ಓಡಿದ, ಅದೇ ಬಲಗಾಲು ಮುಂದಾಗಿ,
ಬಾಯಲ್ಲಿ ತುಂಬಿದ ನೀರು ಹಾಗೆಯೇ.
ನುಂಗಿದನೋ ಉಗಿದನೋ ಗೊತ್ತಿಲ್ಲ.

ಬೆಂಕಿ ಕಾದ ಕಬ್ಬಿಣ ಅಂಗಿಯ ಮೇಲೇ ಉಳಿಯಿತು.
ನಾನು ಎತ್ತುವಷ್ಟರಲ್ಲಿ ಬೆನ್ನ ನಡುವೆ
ದೋಣಿಯಾಕಾರದ ಕರಿ.
ಅರವತ್ತೆಂಟನೇ ಚೀಟಿ. ರಿದ್ವಾನ್ ಎಂಬ ಸಿಪಾಯಿಯದು.
ಬಂದರೆ ಏನು ಹೇಳಲಿ ಎಂದು ಅಪ್ಪ
ಮೂರು ವರ್ಷ ನಾಲಿಗೆಯಲ್ಲಿ ಕ್ಷಮೆ ಹೊರಳಿಸುತ್ತಿದ್ದ.

ಅವನು ಹೋಗಲಿಲ್ಲ, ಉಳಿದ. ಇನ್ನಷ್ಟು ದಿನ
ಚಿತ್ರಗಳಲ್ಲಿ ಊದಿಕೊಂಡ ಕಣ್ಣು, ಸಡಿಲಾದ ಕೊರಳಪಟ್ಟಿ.
"ಯಾರೋ ಸರಿಯಾಗಿ ಮಡಿಕೆ ಕೂರಿಸಿಲ್ಲ," ಎನ್ನುತ್ತಿದ್ದ ಅಪ್ಪ.

ಈಗ ಅಂಗಡಿ ನನ್ನದು, ಇಸ್ತ್ರಿ ಕರೆಂಟಿನದು.
ಮೊಳೆಯಲ್ಲಿ ಮೂವತ್ತೊಂದು ತೂಗುತ್ತಿದೆ.
ಸಾಲ ಬಿಟ್ಟೆನೆಂದು ಅಪ್ಪ ಸಾಯುವಾಗಲೂ ಹೇಳಲಿಲ್ಲ,
ಕೊಡಲಿ ಎಂದೂ ಹೇಳಲಿಲ್ಲ.
ಸೆಕೆಗೆ ಕಪಾಟು ತೆರೆದಿಟ್ಟರೆ
ಹುಡುಗರ ಅಂಗಿಗಳು ಗಾಳಿಗೆ ಹೆಗಲು ಕುಣಿಸುತ್ತವೆ.
ಗಂಜಿ ಇನ್ನೂ ಬಿಟ್ಟಿಲ್ಲ.