ಅರ್ಧ ಮಿಲಿಮೀಟರ್

ಗಾಳಿ ಅಳೆಯುವ ಬಟ್ಟಲುಗಳು ಮೂರೂ
ಮೇ ತಿಂಗಳ ಮರಳು ತಿಂದು ನಿಂತಿವೆ.
ತೇವಾಂಶದ ತಂತಿಯನ್ನು ಮೇಕೆ ಕಡಿದಿದೆ.
ಮಸ್ಕತ್ತಿನಿಂದ ಬಿಡಿಭಾಗ ಬರಬೇಕು,
ಇನ್‌ಶಾ ಅಲ್ಲಾಹ್, ಅಂದರೆ ಈದ್ ಕಳೆದು.

ಇಬ್ರಿಯ ಈ ಖರ್ಜೂರದ ತೋಟದಲ್ಲಿ
ನನಗೆ ಉಳಿದದ್ದು ಬಿಳಿ ಗೂಡಿನೊಳಗಿನ ಥರ್ಮಾಮೀಟರು,
ಮತ್ತೆ, ಬೇರೆಲ್ಲೋ, ಬೇರೆ ಯಾರೋ
ಬೇರೆ ಹುಲ್ಲಿನ ಪಕ್ಕ ವರ್ಷಗಟ್ಟಲೆ ಕೂತು
ಕಂಡುಕೊಂಡ ಒಂದು ಸೂತ್ರ.

ನಲವತ್ತಾರು. ಮೂವತ್ತು. ನಡುವೆ ಹದಿನಾರು.
ಹದಿನಾರರ ವರ್ಗಮೂಲ ನಾಲ್ಕು:
ಬಿಸಿಲು ಇವತ್ತು ಸುಲಭದ ಲೆಕ್ಕ ಕೊಟ್ಟಿದೆ.
ಸೊನ್ನೆ ಬಿಂದು ಸೊನ್ನೆ ಸೊನ್ನೆ ಎರಡು ಮೂರು
ಯಾಕೆ ಎಂದು ಕೇಳಬಾರದು.
ಉಪ್ಪಿನಕಾಯಿಗೆ ಹಾಕುವ ಉಪ್ಪು ಅದು,
ಹಾಕಿದವರಿಗೆ ಗೊತ್ತು, ಹೇಳಲು ಬಾರದು.
ಉತ್ತರ: ಎಂಟೂವರೆ.

ಎಂಟೂವರೆ ಮಿಲಿಮೀಟರ್ ನೀರು
ನಿನ್ನೆ ಇಲ್ಲಿಂದ ಯಾರಿಗೂ ಹೇಳದೆ ಎದ್ದು ಹೋಗಿದೆ,
ಒಂದಿಷ್ಟು ಮಣ್ಣಿನಿಂದ, ಮಿಕ್ಕಿದ್ದು ಗರಿಗಳಿಂದ.
ಪುಸ್ತಕ ಅದನ್ನು ಬಾಷ್ಪ ಎನ್ನುತ್ತದೆ.
ಕನ್ನಡದಲ್ಲಿ ಆ ಮಾತಿಗೆ ಇನ್ನೊಂದು ಅರ್ಥವಿದೆ;
ಇಲ್ಲಿ ಅದು ಬೇಡ. ಇದು ಬರೀ ನೀರು.

ಖಲ್ಫಾನ್ ಮುದುಕ ನನ್ನ ರಿಜಿಸ್ಟರು ನೋಡುವುದಿಲ್ಲ.
ಹಿಮ್ಮಡಿಯಲ್ಲಿ ಮಣ್ಣು ಕೆದಕಿ, ಮುಷ್ಟಿ ಬಿಗಿದು, ಬಿಚ್ಚಿ,
ಉಂಡೆ ಎಷ್ಟು ಹೊತ್ತು ಉಂಡೆಯಾಗಿರುತ್ತದೆ ಎಂದು ಕಾಯುತ್ತಾನೆ.
"ಇನ್ನಾಸ್, ನಾಳೆ ಫಲಜಿನ ಸರದಿ ನಮ್ಮದು. ತೂಬು ತೆಗೆ."
ಎಷ್ಟು ಹೊತ್ತು?
ಗೋಡೆಯ ನೆರಳು ಎಲ್ಲಿಯವರೆಗೆ ಎಂದು
ಕೋಲಿನಿಂದ ನೆಲದ ಮೇಲೆ ಗೀರುತ್ತಾನೆ.
ಆಮೇಲೆ ಕೂತು ಲೆಕ್ಕ ಹಾಕಿದೆ.
ಅವನ ಗೀರಿಗೂ ನನ್ನ ವರ್ಗಮೂಲಕ್ಕೂ
ದೊಡ್ಡ ಜಗಳವಿಲ್ಲ.

ಜಗಳ ತಗಡಿನ ಬಾನಿಯದು.
ಅದರಲ್ಲಿ ಹದಿನೈದು ಇಳಿದಿದೆ, ಗುಣಾಂಕ ಹಚ್ಚಿದರೆ ಒಂಬತ್ತು.
ಅರ್ಧ ಮಿಲಿಮೀಟರ್ ಎಲ್ಲಿ ಹೋಯಿತು?
ಬಲೆ ಒಂದು ಕಡೆ ಸರಿದಿದೆ. ಅಂಚಿನಲ್ಲಿ ಪಿಕಳಾರದ ಹಿಕ್ಕೆ.
ಪಕ್ಕದ ಸಿಮೆಂಟಿನ ಮೇಲೆ ಒಣಗಿದ ಪಾದ,
ಐದು ಬೆರಳೂ ಸುಣ್ಣದಲ್ಲಿ ಬರೆದ ಹಾಗೆ.
ಶೇರ್ ಜಮಾನ್ ಮೆದುವಾಗಿ ಹೇಳಿದ:
"ಉಸ್ತಾದ್, ಫಜರಿಗೂ ನಲ್ಲಿ ನೀರು ಸುಡುತ್ತಿತ್ತು."

ಬಾನಿಯ ಅಗಲಕ್ಕೆ ಗುಣಿಸಿ ನೋಡಿದೆ:
ಒಂದು ಲೀಟರಿಗೆ ತುಸು ಕಡಿಮೆ.
ಎರಡು ಕೈ, ಒಂದು ಮುಖ, ಎರಡು ಪಾದ,
ಹಕ್ಕಿಗೆ ಉಳಿದ ಗುಟುಕು.
ಇಷ್ಟು ನಿಖರವಾಗಿ ಯಾವ ಸೂತ್ರವೂ
ಈ ವರ್ಷ ಹೊಂದಿರಲಿಲ್ಲ.

ಷರಾ ಎಂಬ ಕಾಲಮ್ಮಿನಲ್ಲಿ
ಒಂದೇ ಶಬ್ದಕ್ಕೆ ಜಾಗ.
ಬರೆದೆ: ಹಕ್ಕಿ.