ಎಂಬತ್ತೈದು ಪೈಸೆ

ಟೇಪಿನ ಮೊದಲ ಎರಡಿಂಚು ಯಾವಾಗ ಹರಿದುಹೋಯಿತೋ
ನನಗೆ ಗೊತ್ತಾಗಲಿಲ್ಲ.
ಶಿಡ್ಲಘಟ್ಟದಲ್ಲಿ, ಗೂಡಿನ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ
ನಲವತ್ತೊಂದು ಮನೆ ಅಳೆದು ಮುಗಿಸಿ
ಟೈಲರ್ ಖುರ್ಷಿದಾಳ ಕಟ್ಟೆಯ ಮೇಲೆ ಕೂತಿದ್ದಾಗ
ಅವಳೇ ಎತ್ತಿ ಹಿಡಿದು ನಕ್ಕಳು:
'ರತ್ನಾ, ನಿನ್ನ ಟೇಪು ಎರಡರಿಂದ ಶುರುವಾಗುತ್ತಲ್ಲೇ!'

ಟ್ರೈನಿಂಗಿನಲ್ಲಿ ಒಂದು ಸೊಂಟ, ಒಂದು ಪೃಷ್ಠ ಅಂದಿದ್ದರು.
ನಮ್ಮ ಓಣಿಗೆ ಎರಡೂ ಸೊಂಟವೇ.
ಅದಕ್ಕೆ ನಾನೇ ಪಾಲು ಮಾಡಿಕೊಂಡೆ:
ನೆರಿಗೆ ಸಿಕ್ಕಿಸುವಲ್ಲಿ ನಡು,
ಅದರ ಕೆಳಗೆ, ಕೂತಾಗ ಚಾಪೆ ಹಿಡಿಯುವ ಅಗಲ ಸೊಂಟ.
ಸೊಂಟ ಒಂದು ರೂಪಾಯಿ ಅಂದುಕೊಳ್ಳಿ,
ಹೆಂಗಸರ ನಡು ಎಂಬತ್ತೈದು ಪೈಸೆ ದಾಟಬಾರದು.
ದಾಟಿದರೆ?
ದಾಟಿದರೆ ಸಕ್ಕರೆಯೋ, ಬಿ.ಪಿ.ಯೋ, ಎದೆಯೋ,
ಯಾವುದು ಮೊದಲು ಬಾಗಿಲು ತಟ್ಟುತ್ತೋ ಹೇಳೋಕಾಗಲ್ಲ.

ಗಂಡಸರಿಗೆ ಐದು ಪೈಸೆ ಜಾಸ್ತಿ ಬಿಟ್ಟಿದಾರೆ ಅಂದೆ.
ಅಲಮೇಲಮ್ಮ ಎಲೆಅಡಿಕೆ ಉಗುಳಿ ಬಂದು ಕೇಳಿದಳು,
'ಅಲ್ಲೂ ಅವರಿಗೇ ಜಾಸ್ತೀನಾ?'

ಟೇಪು ಮೈಗೆ ತಾಗಿತೋ, ಎಲ್ಲರೂ ಉಸಿರು ಒಳಗೆಳೆಯುತ್ತಾರೆ.
ಎಪ್ಪತ್ತು ದಾಟಿದ ಪಿಳ್ಳಮ್ಮನೂ.
ಬಿಡಜ್ಜಿ ಉಸಿರು, ಹೆಣ್ಣು ನೋಡೋಕೆ ಬಂದಿಲ್ಲ ನಾನು ಅಂದರೆ
'ಅಳೀಬೇಡ ಕಣೆ, ದೃಷ್ಟಿಯಾಗುತ್ತೆ.
ಕಣದಾಗೆ ರಾಗೀನೂ ಮುಸ್ಸಂಜೆ ಅಳೀತಿರಲಿಲ್ಲ ನಾವು.'

ಬಡನಡು ಬಡನಡು ಅಂತ ಹೊಗಳಿದವರು
ಬಡವರ ನಡು ನೋಡಿರಲಿಲ್ಲ.
ಬೆಳಿಗ್ಗೆ ಟೀ ಬನ್ನು. ಮಧ್ಯಾಹ್ನ ಅನ್ನ, ರಾತ್ರಿ ಅದೇ ಅನ್ನ.
ಮುದ್ದೆ ಭಾನುವಾರಕ್ಕೆ.
ಕುದಿನೀರಿನ ಮುಂದೆ ಹತ್ತು ಗಂಟೆ ಕೂತು ಕೂತು
ನಡು ತನ್ನ ಪಾಡಿಗೆ ತಾನು ಸುತ್ತಿಕೊಳ್ಳುತ್ತದೆ,
ಒಳಗಿರುವ ಹುಳಕ್ಕೇ ಕಾಣದ ಹಾಗೆ ಗೂಡು.

ಸೊಣ್ಣಮ್ಮನದು ನೂಲು ಬಿಚ್ಚಾಣಿಕೆ, ಇಪ್ಪತ್ತೆರಡು ವರ್ಷ.
ಕೈಕಾಲು ಕಡ್ಡಿ, ಕೆನ್ನೆ ಬತ್ತಿವೆ,
ತೂಕ ಹಾಕಿದರೆ ಐವತ್ತೊಂದು.
'ನಂಗ್ಯಾಕಮ್ಮಾ ಇದು? ದಪ್ಪಗಿರೋರ್ನ ಅಳಿ ಹೋಗು.'
ಸೆರಗು ಸರಿಸಿ ಸುತ್ತಿದೆ.
ನಡು ಮೂವತ್ತೇಳು. ಸೊಂಟ ಮೂವತ್ತೆಂಟು.
ತೊಂಬತ್ತೇಳು ಪೈಸೆ.

ಎರಡಿಂಚು ವಾಪಸು ಕೊಡೋಕೆ
ನಲವತ್ತೊಂದು ಮನೆ ಮತ್ತೆ ಸುತ್ತಿದೆ.
ಯಾರಿಗೂ ಸಿಟ್ಟು ಬರಲಿಲ್ಲ, ಹಬ್ಬ ಬಂದ ಹಾಗಾಯಿತು.
ಪೈಸೆ ಕದಲಿಲ್ಲ ಅಂದರೂ ಕಿವಿಗೇ ಹಾಕಿಕೊಳ್ಳಲಿಲ್ಲ.
ಪಿಳ್ಳಮ್ಮ 'ನಾನು ಹೇಳ್ಲಿಲ್ವಾ' ಅಂದಳು, ಏನು ಹೇಳಿದ್ದಳೋ.
ಅಲಮೇಲಮ್ಮ ಖುಷಿಗೆ ಕಾಫಿ ಇಟ್ಟಳು
ಮೂರು ಚಮಚ ಸಕ್ಕರೆ ಹಾಕಿ.
ಕುಡಿದೆ. ಏನು ಮಾಡಲಿ.

ಸೊಣ್ಣಮ್ಮನ ಮನೆ ಕೊನೆಗೆ ಉಳಿಸಿಕೊಂಡಿದ್ದೆ.
ಅದರಲ್ಲೂ ಎರಡು, ಇದರಲ್ಲೂ ಎರಡು ಕಳೆದೆ.
ಮೂವತ್ತೈದು. ಮೂವತ್ತಾರು.
ಫೋನಿನಲ್ಲಿ ಭಾಗಿಸಿದೆ. ಅಳಿಸಿ ಇನ್ನೊಮ್ಮೆ ಭಾಗಿಸಿದೆ.
ಅದೇ ತೊಂಬತ್ತೇಳು.
'ಎರಡು ಕಮ್ಮಿಯಾಯ್ತಲ್ಲ, ಮತ್ತೆ?'
ಎರಡೂ ಕಡೆ ಕಮ್ಮಿಯಾದರೆ ಏನೂ ಕಮ್ಮಿಯಾಗಲ್ಲ ಸೊಣ್ಣಮ್ಮಾ,
ಅನ್ನೋದನ್ನ ಹೇಗೆ ಹೇಳೋದು ಅಂತ ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿಲ್ಲ.

ಅವಳು ತುಂಬ ಹೊತ್ತು ತನ್ನ ಬೆರಳನ್ನೇ ನೋಡಿಕೊಂಡಳು.
'ಎಳೆ ಒಂಚೂರು ದಪ್ಪ ಆಗ್ಲಿ,
ಕರೆಂಟು ಹೋಗಿ ಕತ್ತಲಿದ್ರೂ ಕೈಗೆ ಗೊತ್ತಾಗ್ಬಿಡುತ್ತೆ ನಂಗೆ.
ಇದು ಹೆಂಗೆ ಗೊತ್ತಾಗ್ಲಿಲ್ಲ?'

ಸಕ್ಕರೆ ನೋಡುವ ಯಂತ್ರ ತೆಗೆದೆ.
ಬಿಸಿನೀರಲ್ಲಿ ನೆಂದು ಬೆಳ್ಳಗಾದ ತೋರುಬೆರಳು,
ಚುಚ್ಚಿದರೆ ರಕ್ತ ಬರಲಿಲ್ಲ. ಹಿಂಡಿದೆ. ಬರಲಿಲ್ಲ.
ಪಕ್ಕದ ಬೆರಳು ಹಿಡಿಯಹೋದೆ,
ಕೈ ಹಿಂದಕ್ಕೆಳೆದುಕೊಂಡು ಎಡಗೈ ಚಾಚಿದಳು:
'ಇದರಲ್ಲಿ ತಗೋ.
ಬಲಗೈ ನಾಳೆ ಕೆಲಸಕ್ಕೆ ಬೇಕು.'