ವೇಟಿಂಗ್ ಸೇರಿ

ಐದನೇ ಕ್ಲಾಸಿನಲ್ಲಿ ಗಟ್ಟಪ್ಪನ ಮಗ ಎದೆ ಉಬ್ಬಿಸಿ ಕೇಳಿದ,
'ಮೀಟರ್ ಇದ್ಯೇನೇ ನಿಂಗೆ?'
ನಾನು ಮನಸ್ಸಲ್ಲೇ ಎಣಿಸಿ ಹೇಳಿದೆ: 'ಹನ್ನೊಂದಿವೆ.
ಎರಡಕ್ಕೆ ಬಾವುಟ ಇಲ್ಲ.'
ಇಡೀ ಕ್ಲಾಸು ನಕ್ಕಿತು. ಮೇಷ್ಟ್ರೂ.

ಕೋಲಾರದ ಕ್ಲಾಕ್ ಟವರಿನ ಹಿಂದೆ
ಒಂದು ಬೆಂಚು ಅಡ್ಡ ಹಾಕಿದರೆ ಮುಗಿಯುವ ಅಂಗಡಿ.
ಅಪ್ಪ ಕಣ್ಣಿಗೆ ಮಸೂರ ಸಿಕ್ಕಿಸಿ
ಟ್ಯಾಕ್ಸಿಗಳ, ಆಟೊಗಳ ಗುಟ್ಟು ಬಿಚ್ಚುತ್ತಿದ್ದ:
ಹಲ್ಲು ಸವೆದ ಹಿತ್ತಾಳೆ ಚಕ್ರ,
ಕೂದಲೆಳೆಯಂಥ ಸ್ಪ್ರಿಂಗು,
ಸೀಮೆಎಣ್ಣೆ ಬಟ್ಟಲಲ್ಲಿ ಮೀಯುವ ಅಂಕಿಗಳು.
ಎಲ್ಲ ಆದಮೇಲೆ ಸೀಸದ ಸೀಲಿಗೆ
ತೂಕ ಅಳತೆ ಆಫೀಸಿಗೆ ಒಯ್ಯಬೇಕು.
ಆ ಇಕ್ಕಳ ಸರ್ಕಾರದ್ದು,
ಅಪ್ಪ ಅದನ್ನು ಮುಟ್ಟುವಂತಿರಲಿಲ್ಲ.

ಅಂಗಡಿ ಮುಂದೆ ಓಡಾಡುವ ಮಾತಿಗೆ ಮಾತ್ರ
ಯಾವ ಸೀಲೂ ಇಲ್ಲ.
'ಮೀಟರ್ ಆಫು' ಅಂದರೆ ಕುಡಿದು ಬಿದ್ದವನು,
ಕೆಲವು ಸಲ ಸತ್ತವನು,
ಯಾವುದೆಂದು ಹೇಳುವವನ ಮುಖ ನೋಡಿ ತಿಳಿಯಬೇಕು.
'ಮೇಲೆ ಹತ್ತು ಹಾಕ್ಕೊಡಿ' ಅಂದರೆ ಮಳೆ,
ಇಲ್ಲಾ ಲಗೇಜು, ಇಲ್ಲಾ ಸುಮ್ಮನೆ.
ಮಗಳಿಗೆ ಗಂಡು ನೋಡಿ ಬಂದ ತಾಮಕದ ಚಾಂದ್‌ಪೀರ್
ಬೆಂಚಿನ ತುದಿಯಲ್ಲಿ ಕುಸಿದು ಕೂತು
'ಹಗಲು ಹನ್ನೆರಡಕ್ಕೇ ಒನ್ ಅಂಡ್ ಹಾಫ್ ಕೇಳ್ತವ್ರಣ್ಣ' ಅಂದ.

ಸೊಪ್ಪು ಮಾರುವ ಪಿಳ್ಳಮ್ಮ
ಬೆಳಿಗ್ಗೆ ಒಂಬೈನೂರು ಇಸಕೊಂಡು
ಸಂಜೆ ಸಾವಿರ ಎಣಿಸುವಳು. ಮೀಟರ್ ಬಡ್ಡಿ.
ಒಂದಿನ ಬಂದು ಬಾಗಿಲಿಗೆ ಒರಗಿದಳು:
'ಎಲ್ಲಾರ್ದೂ ಬಿಚ್ಚಿ ಸರಿ ಮಾಡ್ತೀಯಲ್ಲಪ್ಪ,
ನಂದೊಂದು ವಸಿ ನಿಧಾನಕ್ಕೆ ಓಡಂಗೆ ಮಾಡ್ಕೊಡು.'
ಅಪ್ಪ ನಗಲಿಲ್ಲ.
ಅವಳ ತಕ್ಕಡಿ ಇಸಕೊಂಡು
ಮುಳ್ಳಿಗೆ ಎರಡು ತೊಟ್ಟು ಎಣ್ಣೆ ಬಿಟ್ಟುಕೊಟ್ಟ.

ನನಗೆ ಸೋಜಿಗ ಒಂದೇ:
ಗಾಡಿ ನಿಂತರೂ ಅದು ಓಡುತ್ತದೆ.
ಒಳಗೊಂದು ಪುಟ್ಟ ಗಡಿಯಾರ, ಅದಕ್ಕೆ ಕೀಲಿ.
'ಸುಮ್ನೆ ನಿಂತಿದ್ದಕ್ಕೂ ದುಡ್ಡಾ?' ಅಂದೆ.
'ಕಾಯೋದೂ ಕೆಲಸಾನೇ ಕಣೆ' ಅಂದ ಅಪ್ಪ.
ಊಟದ ಕ್ಯಾರಿಯರ್ ಹಿಡಿದು
ಅರ್ಧ ಗಂಟೆಯಿಂದ ನಿಂತಿದ್ದ ಅಮ್ಮ
'ಹಂಗಾರೆ ನಂದೆಷ್ಟಾಗೈತೆ, ನೋಡೇಳು' ಅಂದಳು.
ಅಪ್ಪ ಮಸೂರ ತೆಗೆಯದೆ ಅವಳತ್ತ ತಿರುಗಿದ,
ಒಂದು ಕಣ್ಣು ದೊಡ್ಡದು, ಒಂದು ಕಣ್ಣು ಮಾಮೂಲು.
ಆಮೇಲೆ ಎದ್ದು ಕೈ ತೊಳೆದ.

ರಿಪೇರಿಯಾದ ಗಾಡಿಗೆ ಅಂತರಗಂಗೆ ರಸ್ತೆಯಲ್ಲಿ ಪರೀಕ್ಷೆ.
ಅಪ್ಪನೇ ಸುಣ್ಣ ಬಳಿದ ಎರಡು ಕಲ್ಲು,
ನಡುವೆ ಅಳೆದಿಟ್ಟ ಒಂದು ಕಿಲೋಮೀಟರು.
ಹಿಂದಿನ ಸೀಟಿನಲ್ಲಿ ನಾನು.
ಎರಡನೇ ಕಲ್ಲು ಬಂದ ಕೂಡಲೇ 'ಬಂತೂ' ಅನ್ನಬೇಕು,
ಅದೇ ಗಳಿಗೆಗೆ ಅಂಕಿ ಉರುಳಬೇಕು.
ಉರುಳಿದರೆ ನನಗೆ ಬೋಂಡಾ.
ಬೋಂಡಾದ ಆಸೆಗೆ ನಾನು ಎಷ್ಟೋ ಸಲ
ಕಲ್ಲು ಬಿಟ್ಟು ಅಂಕಿ ನೋಡಿ ಕೂಗಿದ್ದೇನೆ.
ಎಷ್ಟು ಮೀಟರುಗಳು ಹಾಗೆ ಊರೆಲ್ಲ ಸುತ್ತಿದವೋ.

ಈಗ ಡೂಮ್ ಲೈಟ್ ಸರ್ಕಲ್ಲಿನಿಂದ ತಲೆಗೆ ಇಷ್ಟು,
ಅಥವಾ ಹತ್ತುವ ಮುಂಚೆಯೇ ಫೋನು ಹೇಳುತ್ತದೆ.
ಮೀಟರಿದ್ದ ಜಾಗದಲ್ಲಿ ಪ್ಲಾಸ್ಟಿಕ್ ಗುಲಾಬಿ.
ನಿನ್ನೆ ನನ್ನ ಮಗಳು ಯಾರಿಗೋ ಫೋನಿನಲ್ಲಿ
'ಮೀಟರ್ ಇದ್ರೆ ಎದುರಿಗೆ ಬಂದು ಮಾತಾಡು' ಅಂತಿದ್ದಳು.
ಅಟ್ಟದಿಂದ ಒಂದನ್ನು ಇಳಿಸಿ, ಒರೆಸಿ
ಅವಳ ಮುಂದಿಟ್ಟೆ.
'ಇದೇನಮ್ಮ, ತೂಕದ್ದಾ?' ಅಂದಳು.

ರಸ್ತೆ ಅಗಲವಾಯಿತು, ಕಲ್ಲುಗಳು ಹೋದವು.
ಆದರೂ ಯಾರಾದರೂ ಕಿಲೋಮೀಟರು ಅಂದರೆ
ನನ್ನ ಲೆಕ್ಕಕ್ಕೆ ಅಷ್ಟೇ ದೂರ.
ಆ ಜಾಗ ದಾಟುವಾಗೆಲ್ಲ
ಪಕ್ಕದವರಿಗೆ ಕೇಳದ ಹಾಗೆ
'ಬಂತು' ಅನ್ನುತ್ತೇನೆ.
ಈ ಸಲ ಅಂಕಿ ನೋಡದೆ.